ಬೆನ್ನ ಹಿಂದಿನ ಸರ್ವಿಸ್

ಮೊನ್ನೆ ಮಳೆಯಲ್ಲಿ ನೆನೆದ ಮೊಮ್ಮಗಳ ಸ್ವೆಟರ್ ಹಿಂಡುವಾಗ ಒದ್ದೆ ಉಣ್ಣೆಯ ವಾಸನೆ ಬಂತು. ಕೈ ಅಲ್ಲೇ ನಿಂತಿತು. ಗುಬ್ಬಿಯಲ್ಲಿ ಆಡಿದ ಆ ಕೊನೆಯ ಭಾನುವಾರಕ್ಕೂ ಇದೇ ವಾಸನೆ ಇತ್ತು... ಬೆಳಿಗ್ಗೆ ತುಂತುರು ಬಿದ್ದು ನಿಂತಿತ್ತು. ಬಾಲ್ ಬ್ಯಾಡ್ಮಿಂಟನ್ ಕೋರ್ಟಿನ ಮಣ್ಣು ಮೆತ್ತಗಾಗಿತ್ತು. ನಾವು ಆಡುತ್ತಿದ್ದ ಹಳದಿ ಉಣ್ಣೆಯ ಚೆಂಡು ನೀರು ಕುಡಿದು ಭಾರವಾಗಿತ್ತು. ಭಾಯ್ ಅದನ್ನು ಮೂಗಿನ ಹತ್ತಿರ ಹಿಡಿದು, "ಕುರಿ ಮಿಂದಂಗೈತೆ ಕಣ್ರಲಾ" ಎಂದರು. ನಾವೆಲ್ಲ ನಕ್ಕೆವು. ಆಟ ಮುಗಿಸಿ, ಹೋಟೆಲಿನಲ್ಲಿ ಖಾಲಿ ದೋಸೆ ತಿಂದು ಮನೆಗೆ ಹೋದೆವು. ಅಷ್ಟೇ.

ಭಾಯ್‌ಗೆ ಪೇಟೆ ಬೀದಿಯಲ್ಲಿ ತಗಡಿನ ಟ್ರಂಕಿನ ಅಂಗಡಿ ಇತ್ತು. ಎದುರಿನ ಔಷಧಿ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ಅದು ತೊಂಬತ್ತರ ದಶಕ. ಸಂಜೆ ಅವರ ಸುತ್ತಿಗೆಯ ಸದ್ದು ನಿಂತಿತೆಂದರೆ ಬಾಲ್ ಬ್ಯಾಡ್ಮಿಂಟನ್ ಆಡುವ ಹೊತ್ತಾಯಿತು ಎಂದು ಅರ್ಥ. ನಾನು ಕೌಂಟರಿನ ಕೆಳಗಿಂದ ರ‍್ಯಾಕೆಟ್ ತೆಗೆಯುತ್ತಿದ್ದೆ. ಆ ಆಟದಲ್ಲಿ ಒಂದು ಕಡೆಗೆ ಐದು ಜನ. ಭಾಯ್ ಹಿಂದೆ ನಿಂತು ಸರ್ವಿಸ್ ಮಾಡುತ್ತಿದ್ದರು. ನಾನು ಅವರಿಗೆ ಬೆನ್ನು ಮಾಡಿ ಮುಂದೆ ನೆಟ್ಟಿನ ಬಳಿ ನಿಲ್ಲುತ್ತಿದ್ದೆ. ಹತ್ತು ಹನ್ನೆರಡು ವರ್ಷ ನಾವಿಬ್ಬರೂ ನಿಂತದ್ದು ಹಾಗೆಯೇ.

ಅವರ ಸರ್ವಿಸ್‌ಗೆ ಸುತ್ತಮುತ್ತ ಹೆಸರಿತ್ತು. ಅವರು ಅದರಲ್ಲಿ ಮೂರು ಬಗೆ ಮಾಡಿಕೊಂಡಿದ್ದರು. ಎತ್ತರಕ್ಕೆ ತೇಲಿಸುವುದು ಒಂದು. ನೆಟ್ ಸವರಿಕೊಂಡು ನೇರ ಎದೆಗೆ ಚುಚ್ಚುವುದು ಇನ್ನೊಂದು. ಮಣಿಕಟ್ಟು ತಿರುಗಿಸಿ, ಗೆರೆ ದಾಟಿದ ಕೂಡಲೇ ಉದುರಿಸುವುದು ಕೊನೆಯದು. ಯಾವುದು ಯಾವಾಗ ಎನ್ನುವುದನ್ನು ಅವರು ಎದುರಾಳಿಯ ಕಾಲು ನೋಡಿ ತೀರ್ಮಾನಿಸುತ್ತಿದ್ದರು. ಮುಂದಕ್ಕೆ ಬಾಗಿದವನಿಗೆ ತೇಲಿಸುತ್ತಿದ್ದರು. ಹಿಂದೆ ಸರಿದವನಿಗೆ ಉದುರಿಸುತ್ತಿದ್ದರು. ಉದುರಿಸುವುದಂತೂ ಅಪರೂಪ. "ಚೆನ್ನಾಗಿರೋದ್ನ ಎತ್ತಿಟ್ಕೋಬೇಕು ಕಣೋ. ಸುಮ್‌ಸುಮ್ನೆ ತೆಗೆದ್ರೆ ಅವ್ರಿಗೆ ಅಭ್ಯಾಸ ಆಗೋಯ್ತದೆ" ಎನ್ನುತ್ತಿದ್ದರು.

ಮೊದಮೊದಲು ನನಗೆ ಮುಂಚೆಯೇ ತಿಳಿಸುತ್ತಿದ್ದರು. ರ‍್ಯಾಕೆಟ್ಟನ್ನು ತೊಡೆಗೆ ಒಂದು ಸಲ ಬಡಿದರೆ ತೇಲು, ಎರಡು ಸಲ ಬಡಿದರೆ ಚುಚ್ಚು, ಸದ್ದೇ ಇಲ್ಲದಿದ್ದರೆ ಉದುರು. ಕುಣಿಗಲ್‌ನಲ್ಲಿ ಒಂದು ಪಂದ್ಯ ಆಡುವವರೆಗೆ ಇದು ನಡೆಯಿತು. ಅಲ್ಲಿ ಎದುರಿಗಿದ್ದ ಮೀಸೆಯವರು ಭಾಯ್ ಅವರ ಮೂರು ಬಗೆಯನ್ನೂ ಮೊದಲೇ ತಿಳಿದವರಂತೆ ಎತ್ತಿ ಎತ್ತಿ ಹಾಕಿದರು. ನಾವು ಸೋತೆವು. ಕೈಕುಲುಕುವಾಗ ಭಾಯ್, "ಅದೆಂಗೆ ಗೊತ್ತಾಯ್ತಿತ್ತು ಸಾ?" ಎಂದು ಕೇಳಿದರು. ಮೀಸೆಯವರು ನನ್ನ ಕಡೆ ಕೈ ತೋರಿಸಿ ನಕ್ಕರು. "ನಿಮ್ಮನ್ನ ಯಾರು ನೋಡ್ತಾರೆ ಸಾಹೇಬ್ರೇ? ಇವ್ರ ಮುಖ ನೋಡಿದ್ರೆ ಸಾಕು. ಉದುರ್ಸೋ ಮುಂಚೆ ಹುಬ್ಬು ಎರಡೂ ಮೇಲೆ ಹೋಯ್ತವೆ!"

ಗುಬ್ಬಿಗೆ ಬರುವ ಬಸ್ಸಿನಲ್ಲಿ ಎಲ್ಲರೂ ನನ್ನ ಹುಬ್ಬನ್ನು ಆಡಿಕೊಂಡರು. ಭಾಯ್ ಮಾತ್ರ, "ಹೋಗ್ಲಿ ಬುಡು. ಇನ್ಮೇಲೆ ನಿಂಗೆ ಏನೂ ಹೇಳಲ್ಲ. ನಿನ್ ಮುಖಕ್ಕೆ ಸುಳ್ಳು ಬರಲ್ಲ ಕಣೋ" ಎಂದು ಹೆಗಲು ತಟ್ಟಿದರು.

ಅಂದಿನಿಂದ ತೊಡೆಯ ಸದ್ದು ನಿಂತಿತು. ತಿರುಗಿ ನೋಡುವಂತೆಯೂ ಇರಲಿಲ್ಲ. ತಿರುಗಿದರೆ ಮರಳಿ ಬರುವ ಚೆಂಡು ತಪ್ಪುತ್ತದೆ. ಒಮ್ಮೆ ತಿರುಗಿ ಕೆನ್ನೆಗೆ ಹೊಡೆಸಿಕೊಂಡೂ ಇದ್ದೆ. ಹಾಗಾಗಿ ನಾನು ಎದುರಿನವರ ಕಣ್ಣು ಓದುವುದನ್ನು ಕಲಿತೆ. ಅವರ ಕಣ್ಣು ಮೇಲೆದ್ದರೆ ಭಾಯ್ ತೇಲಿಸಿದ್ದಾರೆ. ರೆಪ್ಪೆ ಬಡಿದರೆ ಚುಚ್ಚಿದ್ದಾರೆ. ಒಮ್ಮೆಲೇ ಕೆಳಗಿಳಿದರೆ ಉದುರಿಸಿದ್ದಾರೆ. ಸರ್ವಿಸ್ ಹೇಗಿರುತ್ತಿತ್ತು ಎನ್ನುವುದು ನನಗೆ ಹಾಗೆಯೇ ಗೊತ್ತು, ಬೇರೆಯವರ ಮುಖದಲ್ಲಿ... ಅಭ್ಯಾಸದಲ್ಲಿ ಅವರು ಈ ಮೂರನ್ನೂ ತೆಗೆಯುತ್ತಲೇ ಇರಲಿಲ್ಲ. ಸುಮ್ಮನೆ ಚೆಂಡು ದಾಟಿಸುತ್ತಿದ್ದರು.

ನನಗೆ ಒಂದೇ ಆಸೆಯಿತ್ತು. ಒಂದು ಸಲ ಆ ಕಡೆ ನಿಲ್ಲಬೇಕು. ಕೇಳಿದಾಗಲೆಲ್ಲ, "ನೀನು ಆ ಕಡೆ ಹೋದ್ರೆ ಈ ಕಡೆ ಯಾರ್ಲಾ ನಿಲ್ಲೋರು?" ಎಂದು ತಳ್ಳಿಹಾಕುತ್ತಿದ್ದರು. ಆ ತುಂತುರಿನ ಭಾನುವಾರ ಮಾತ್ರ, ದೋಸೆ ಮುರಿಯುತ್ತಾ, ಕೇಳದೆಯೇ ಹೇಳಿದರು. "ಬರೋ ಭಾನುವಾರ ನಿಂತ್ಕೋ. ಮೂರೂ ಹಾಕ್ತೀನಿ. ಒಂದಾದ್ರೂ ಎತ್ತೀಯೇನೋ ನೋಡಾನ."

ಬರುವ ಭಾನುವಾರ ಅವರು ಬರಲಿಲ್ಲ. ಮಗಳ ಮದುವೆ ಕುಣಿಗಲ್‌ನಲ್ಲಿ ನಿಶ್ಚಯವಾಗಿತ್ತು. ಬಟ್ಟೆ, ಪಾತ್ರೆ ಎಂದು ತುಮಕೂರಿಗೆ ಓಡಾಟ. ಅದರ ಮುಂದಿನ ಭಾನುವಾರವೂ ತುಮಕೂರು. ಮದುವೆ ಮನೆಯ ಕೆಲಸ, ಇದ್ದದ್ದೇ ಎಂದುಕೊಂಡೆ. ಟ್ರಂಕಿನ ಸದ್ದು ಬೇಗ ನಿಲ್ಲತೊಡಗಿತು. ಕೆಲವು ದಿನ ಶುರುವೇ ಆಗುತ್ತಿರಲಿಲ್ಲ. ಅವರು ಸೊರಗಿದ್ದೂ ಕಾಣುತ್ತಿತ್ತು. ಕೇಳಿದರೆ, "ಹೆಣ್ಣು ಹೆತ್ತೋನು ದಪ್ಪ ಆಗ್ತಾನೇನ್ಲಾ?" ಎಂದು ನಗಿಸುತ್ತಿದ್ದರು.

ಮದುವೆಯ ದಿನ ಕುಣಿಗಲ್‌ನ ಶಾದಿ ಮಹಲ್‌ನಲ್ಲಿ ನಿಕಾಹ್ ಮುಗಿದು ಊಟ ನಡೆಯುತ್ತಿತ್ತು. ನಾನು ಜಗ್ ಹಿಡಿದು ಸಾಲಿಗೆ ನೀರು ಹಾಕುತ್ತಿದ್ದೆ. ಭಾಯ್ ನನ್ನ ಹಿಂದೆಯೇ ಬರುತ್ತಾ, "ತಗೊಳ್ಳಿ, ಇನ್ನೊಂಚೂರು ಹಾಕಿಸ್ಕೊಳ್ಳಿ" ಎಂದು ಬೀಗರನ್ನು ಉಪಚರಿಸುತ್ತಿದ್ದರು. ಆ ದನಿ ನಿಂತಿತು. ಎದುರು ಸಾಲಿನಲ್ಲಿ ಕೂತವರ ಕಣ್ಣುಗಳೆಲ್ಲ ನನ್ನ ಹೆಗಲಾಚೆಯಿಂದ ಒಮ್ಮೆಲೇ ಕೆಳಗಿಳಿದವು.

ಆಗ ತಿರುಗಿದೆ. ಭಾಯ್ ನೆಲದ ಮೇಲಿದ್ದರು.

ತುಮಕೂರಿನ ಆಸ್ಪತ್ರೆಯಲ್ಲಿ ಎಲ್ಲ ತಿಳಿಯಿತು. ಹೊಟ್ಟೆಯ ಒಳಗಿನ ರೋಗ. ಭಾಯ್‌ಗೆ ಅದು ಗೊತ್ತಾಗಿ ತಿಂಗಳುಗಳಾಗಿದ್ದವು. ಬಟ್ಟೆ ಪಾತ್ರೆಯ ಓಡಾಟವೆಲ್ಲ ಡಾಕ್ಟರ ಬಳಿಗೆ. ಎದುರಿಗೇ ನಾನು ಔಷಧಿ ಅಂಗಡಿಯಲ್ಲಿ ಕೂತಿದ್ದರೂ ಮಾತ್ರೆಗಳನ್ನು ತುಮಕೂರಿನಿಂದಲೇ ತರುತ್ತಿದ್ದರು.

"ನಂಗಾದ್ರೂ ಹೇಳ್ಬಾರ್ದಿತ್ತಾ ಭಾಯ್?" ಎಂದೆ.

"ನಿಮ್ ಭಾಭಿ ವಾರವಾರ ಅಮ್ಮಿಯ ಬಿಪಿ ಮಾತ್ರೆಗೆ ನಿನ್ ಅಂಗಡೀಗೇ ಬತ್ತಾಳೆ. ನಿನ್ ಹುಬ್ಬು ಸುಮ್ನಿರ್ತಿದ್ವಾ? ಅವ್ಳಿಗೆ ಗೊತ್ತಾಗಿದ್ರೆ ಮದುವೆ ನಿಂತೋಗ್ತಿತ್ತು ಕಣೋ." ದಿಂಬಿಗೆ ತಲೆ ಒರಗಿಸಿದರು. "ಆಯ್ತಲ್ಲ, ಬುಡು."

"ಆ ಕಡೆ ನಿಲ್ಸೋದು ಬಾಕಿ ಐತೆ" ಎಂದೆ.

"ಎದ್ದು ಬಂದು ಹಾಕ್ತೀನಿ."

ನಾನು ಮಂಚದ ಪಕ್ಕ ನಿಂತಿದ್ದ ಅವರ ಹೆಂಡತಿ ಭಾಭಿಯ ಮುಖ ನೋಡಿದೆ. ಅವರು ಕಿಟಕಿಯ ಕಡೆ ತಿರುಗಿಕೊಂಡರು... ಆ ಮಳೆಗಾಲ ಕಳೆಯುವ ಮೊದಲೇ ಭಾಯ್ ಹೋದರು.

ಮನೆಗೆ ಮಾತಾಡಿಸಲು ಬಂದವರಲ್ಲಿ ಕುಣಿಗಲ್‌ನ ಮೀಸೆಯವರೂ ಇದ್ದರು. ಚಪ್ಪರದ ಕೆಳಗೆ ನನ್ನ ಪಕ್ಕ ಕುಳಿತು, ಬರಿಗೈ ಎತ್ತಿ, "ಚೆಂಡು ಹಿಂಗೆ ಹಿಡಿಯೋರು, ಮಣಿಕಟ್ಟು ಹಿಂಗೆ ಒಳಕ್ಕೆ" ಎಂದು ತೋರಿಸಿದರು. ಮತ್ತೊಬ್ಬರು ಹಾಗಲ್ಲ ಹೀಗೆ ಎಂದರು. ಇಬ್ಬರಿಗೂ ಸಣ್ಣ ವಾದವಾಯಿತು. ನಂತರ ಇಬ್ಬರೂ ನನ್ನ ಕಡೆ ತಿರುಗಿ, "ನೀವೇ ಹೇಳಿ, ಜೊತೇಲಿ ಆಡಿದೋರು" ಎಂದರು. ನಾನು ಅವರಿಗೆ ನೀರು ತರಲು ಒಳಗೆ ಹೋದೆ.

ಆ ಕೋರ್ಟಿನ ಜಾಗದಲ್ಲಿ ಈಗ ಅಂಗಡಿ ಸಾಲು ಬಂದಿದೆ. ನಾನು ತುಮಕೂರಿಗೆ ಬಂದೂ ಬಹಳ ಕಾಲವಾಯಿತು. ಸ್ವೆಟರ್ ಹಗ್ಗದ ಮೇಲೆ ಹರವಿ, ಅದು ಒಣಗಿ ವಾಸನೆ ಹೋಗುವವರೆಗೆ ಹಿತ್ತಲಲ್ಲೇ ಕೂತಿದ್ದೆ. ಭಾಯ್ ಅವರ ಸರ್ವಿಸ್ ಸುತ್ತಲ ಊರುಗಳವರೆಲ್ಲ ನೋಡಿದ್ದಾರೆ. ನಾನು ನೋಡಿಲ್ಲ.