ಉಳಿಸಿಕೊಂಡ ಮೂರನೇ ಲೆವೆಲ್

ಪದಬಂಧ ತುಂಬಲೆಂದು ಬೆಳಿಗ್ಗೆ ಪೆನ್ಸಿಲ್ ಹೆರೆದೆ. ಆ ಸಿಪ್ಪೆಯ ವಾಸನೆಗೆ ಹಲಸೂರಿನ ನಮ್ಮ ಮನೆಯ ಹಳೆಯ ಭಾನುವಾರಗಳು ನೆನಪಾದವು. ಆಗ ಮೊಮ್ಮಗಳು ನಂದಿನಿ ಊಟದ ಮೇಜಿನ ಮೇಲೆ ದಾಳ, ಪೆನ್ಸಿಲ್, ಹಾಳೆ ಹರಡಿ ನಮ್ಮಿಬ್ಬರು ಮುದುಕರಿಗೆ ಮಂತ್ರ, ರಾಕ್ಷಸರ ಆಟ ಆಡಿಸುತ್ತಿದ್ದಳು. ಕಥೆ ಹೇಳುವವಳು ಅವಳು. ಅದರೊಳಗೆ ಪಾತ್ರವಾಗಿ ಏನು ಮಾಡುತ್ತೇವೆಂದು ಹೇಳುವವರು ನಾವು. ನಾನು ಬೆಂಕಿದೇವರ ಪೂಜಾರಿ. ನನ್ನ ಹೆಂಡತಿ ಲಲಿತಾ ತನ್ನ ಅಜ್ಜಿಯ ಹೆಸರಿಟ್ಟುಕೊಂಡು ಕತ್ತಿ ಹಿಡಿದ ಮುನಿಯಮ್ಮ.

ನೀವು ನಗಬಹುದು, ನಾನೂ ನಕ್ಕಿದ್ದೆ. ಆದರೆ ಮದುವೆಯಾದಾಗಿನಿಂದ ನಾನು ಬಾಯಿ ತೆರೆದರೆ ಸುಮ್ಮನಾಗುತ್ತಿದ್ದ ಲಲಿತಾ, ಮುನಿಯಮ್ಮನಾದ ಕೂಡಲೇ "ಸರೀರಿ ಪಕ್ಕಕ್ಕೆ, ಮೊದ್ಲು ನಾನು ಹೋಗ್ತೀನಿ" ಎನ್ನುತ್ತಿದ್ದಳು. ಅವಳಿಗೆ ಅಂಥ ಗಂಟಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಜೀವಮಾನ ಕಳೆದ ನನಗೆ ಲೆವೆಲ್ ಲೆಕ್ಕ ತಲೆಗೆ ಹತ್ತಲಿಲ್ಲ. "ನಾನು ಐದನೇ ಲೆವೆಲ್ ಅಂತೀಯ. ಐದನೇ ಲೆವೆಲ್ ಮಂತ್ರ ಯಾಕೆ ಕೊಡಲ್ಲ?" ಎಂದು ಜಗಳವಾಡಿದೆ.

"ಐದು ನಿಮ್ಮ ಲೆವೆಲ್ ತಾತ, ಮಂತ್ರದ್ದು ಬೇರೆ. ನಿಮಗೀಗ ಮೂರರ ತನಕ ಅಷ್ಟೇ. ಫ್ಯಾಕ್ಟರೀಲಿ ನಿಮ್ಮ ಗ್ರೇಡೇ ಬೇರೆ, ಮಷೀನ್ ನಂಬರೇ ಬೇರೆ ಅಲ್ವಾ? ಮತ್ತೆ, ಮಂತ್ರ ಹಾಕಿದ್ರೆ ಶಕ್ತಿ ಖರ್ಚಾಗುತ್ತೆ. ಅದಕ್ಕೂ ಲೆವೆಲ್ ಇದೆ. ಒಂದನೇದು ಮುಗಿದ್ರೆ, ಒಂದನೇ ಲೆವೆಲ್ ಮಂತ್ರಾನ ಮೂರನೇ ಶಕ್ತೀಲೂ ಹಾಕ್ಬೋದು. ಇನ್ನೂ ಜೋರಾಗಿ ಕೆಲಸ ಮಾಡುತ್ತೆ."

ಆಗ ಅರ್ಥವಾಯಿತು. ಚೆನ್ನಾಗಿಯೇ ಅರ್ಥವಾಯಿತು.

ಮುಂದಿನ ಭಾನುವಾರ ಗುಹೆಯೊಳಗೆ ಮುನಿಯಮ್ಮ ಗಾಯಗೊಂಡು ಬಿದ್ದಳು. ಗಾಯ ಮಾಯಿಸುವುದು ಒಂದನೇ ಲೆವೆಲ್ ಮಂತ್ರ. ನನ್ನ ಸಣ್ಣ ಶಕ್ತಿಗಳೆಲ್ಲ ಮುಗಿದು ಮೂರನೆಯದೊಂದೇ ಉಳಿದಿತ್ತು. ಅದರಲ್ಲಿ ಬೆಂಕಿಯುಂಡೆ ಎಸೆದು ರಾಕ್ಷಸನನ್ನು ನಾನೇ ಕೊಲ್ಲಬೇಕೆಂದು ಆಟದ ಮೊದಲಿನಿಂದಲೂ ಕಾದಿದ್ದೆ.

"ರೀ, ನನ್ನ ಎಬ್ಬಿಸಿ" ಎಂದಳು ಲಲಿತಾ.

"ಒಂದನೇ ಲೆವೆಲ್ ಖಾಲಿ ಕಣೇ. ಹೈಸ್ಕೂಲು ಓದಿದೋನಿಗೆ ಇವೆಲ್ಲ ಎಲ್ಲಿ ತಿಳಿಯುತ್ತೆ?" ಎಂದು, ನಂದಿನಿ ಬಾಯಿ ತೆರೆಯುವಷ್ಟರಲ್ಲಿ ಬೆಂಕಿಯುಂಡೆ ಎಸೆದೆ. ರಾಕ್ಷಸ ಸತ್ತ. ಮುನಿಯಮ್ಮನ ಪಾಲಿಗೆ ದಾಳ ಕೆಟ್ಟದಾಗಿ ಬಿದ್ದು, ಅವಳೂ ಸತ್ತಳು.

ನಂದಿನಿ ನನ್ನನ್ನು ದುರುಗುಟ್ಟಿ ನೋಡಿದಳು. "ಹೋಗ್ಲಿ ಬಿಡೇ, ತಾತಂಗೆ ತಿಳೀಲಿಲ್ಲ" ಎಂದು ಲಲಿತಾಳೇ ನನ್ನ ಪರ ವಹಿಸಿ, ಹಾಳೆಯ ಮೇಲಿನ ಹೆಸರು ಅಳಿಸಿ, ಅನ್ನಕ್ಕಿಡಲು ಎದ್ದಳು. ಹೊಸ ಪಾತ್ರ ಕೊಡುತ್ತೇನೆಂದು ಹುಡುಗಿ ಎಷ್ಟು ಕರೆದರೂ ಮತ್ತೆ ಮೇಜಿಗೆ ಬರಲಿಲ್ಲ. ಆ ಗಂಟಲೂ ಮತ್ತೆ ಕೇಳಲಿಲ್ಲ.

ಇವತ್ತು ಪದಬಂಧ ಬಿಟ್ಟು ಅಡುಗೆಮನೆಗೆ ಹೋದೆ. "ಅವತ್ತು ನಂಗೆ ತಿಳಿದಿತ್ತು ಲಲಿತಾ. ಮೂರನೇದ್ರಲ್ಲಿ ನಿನ್ನ ಎಬ್ಬಿಸ್ಬೋದಿತ್ತು."

ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು ತಲೆ ಎತ್ತಲಿಲ್ಲ.

"ನಂಗೂ ತಿಳಿದಿತ್ತು ರೀ. ಅವಳು ಹೇಳಿಕೊಟ್ಟಾಗ ನಾನೂ ಅಲ್ಲೇ ಕೂತಿದ್ನಲ್ಲ."

ತಪ್ಪಾಯಿತು ಎನ್ನಲು ಬಾಯಿ ತೆರೆದೆ.

"ಈಗ ಸ್ವಲ್ಪ ಸುಮ್ನಿರಿ" ಎಂದಳು.

ಸುಮ್ಮನಿದ್ದೆ.