ಹುಣಸೆಹಣ್ಣಿನ ಹೊಳಪು

ಕುಲಕರ್ಣಿ ಅಂಕಲ್, ನಿಮ್ಮ ಫ್ರೆಂಚ್ ಗಡಿಯಾರವನ್ನು ಯಾರೂ ಬದಲಾಯಿಸಲಿಲ್ಲ. ಕೆಡಿಸಿದವನು ನಾನು. ರಿಪೇರಿ ಅಂಗಡಿಯ ಆ ಹಿರಿಯರನ್ನು ನೀವು ಕಳ್ಳನೆಂದು ನಂಬಿದಿರಿ — ನಂಬಿಸಿದವನೂ ನಾನೇ.

2004ರ ಬೇಸಿಗೆ. ರಿಪೇರಿಯಾಗಿ ಬಂದ ಗಡಿಯಾರವನ್ನು ಪೋರ್ಟರ್ ರ್ಯಾಂಚ್‌ನ ನಿಮ್ಮ ಮನೆಯಲ್ಲಿಟ್ಟು, ಬೀಗದ ಕೈ ನನಗೆ ಕೊಟ್ಟು, ನೀವೂ ಆಂಟಿಯೂ ಸ್ವದೇಶಕ್ಕೆ, ಧಾರವಾಡಕ್ಕೆ ಹೋದಿರಿ. ವಾರಕ್ಕೊಮ್ಮೆ ಅದಕ್ಕೆ ಕೀ ಕೊಡುವುದಷ್ಟೇ ನನ್ನ ಕೆಲಸ. ಸಿಂಹದ ಪಾದ, ಗುಲಾಬಿ ಹಾರ, ಮೇಲೆ ದೀಪದ ಬಳಿ ಪುಸ್ತಕ ಓದುತ್ತ ಕೂತ ಹುಡುಗಿಯ ಪುಟ್ಟ ಪ್ರತಿಮೆ. ಅವಳ ಮುಖ ಮಂಕಾಗಿದೆ ಎನಿಸಿತು. ಮದುವೆಮನೆಗಳ ಹಿತ್ತಾಳೆ ಪಾತ್ರೆ ತಿಕ್ಕಿ ನನ್ನನ್ನು ಓದಿಸಿದವಳು ಅಮ್ಮ. ಅವಳಂತೆಯೇ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಮಂಕು ಎಂದುಕೊಂಡದ್ದು ಕಂಚಿನ ಮೇಲಿನ ಹಳೆಯ ಚಿನ್ನದ ಲೇಪ — ಹೋಯಿತು. ಮುಖವೇ ಬೇರೆಯಾಯಿತು.

ನೀವು ಬಂದವರು ದಿಟ್ಟಿಸಿ ನೋಡಿದಿರಿ.

"ಹುಡುಗಿ ಮಾರಿನ ಬ್ಯಾರೆ ಆಗೇದಲ್ರೀ," ಎಂದರು ಆಂಟಿ. "ಸಿಂಹದ ಕಾಲೂ ಇಷ್ಟ ಸಣ್ಣ ಇದ್ದಿದ್ದಿಲ್ಲ."

ಸಿಂಹದ ಕಾಲನ್ನು ನಾನು ಮುಟ್ಟಿಯೇ ಇರಲಿಲ್ಲ! ಆದರೆ ಒಮ್ಮೆ ಸಂಶಯ ಹೊಕ್ಕಮೇಲೆ...

"ಏನಪಾ, ಲೋಹದ್ದ ಓದಿದಾಂವ ನೀನು. ಆ ಮುದುಕ ನಮ್ಮದು ಇಟಗೊಂಡು ಡುಪ್ಲಿಕೇಟ್ ಕೊಟ್ಟಾನೇನು?" ಎಂದು ನೀವು ನನ್ನನ್ನು ಕೇಳಿದಿರಿ.

ನನ್ನ ಬೆರಳುಗಳಲ್ಲಿ ಇನ್ನೂ ಹುಣಸೆ ವಾಸನೆಯಿದೆಯೇನೋ ಎಂದು ಕೈ ಜೇಬಿಗೆ ಹಾಕಿಕೊಂಡೆ. ನೀವು ಅಂಗಡಿಗೆ ಫೋನ್ ಮಾಡಿದಿರಿ. ಅವರು ಸಿಟ್ಟಾಗಲಿಲ್ಲ. ಹಿಂದಿನ ಬಾಗಿಲು ತೆರೆದು ನೋಡಿ, ರಿಪೇರಿಗೆ ಬಂದ ಎರಡು ಸಲವೂ ಗುರುತು ಗೀರಿದ್ದೇನೆ ಎಂದರಂತೆ. ತೆರೆದೆವು. ಒಳತಗಡಿನ ಮೇಲೆ ಅವರ ಹೆಸರಿನ ಮೊದಲಕ್ಷರ, 1998, 2004. ಹಳೆಯ ಗೀರು ಕಪ್ಪಿಟ್ಟಿತ್ತು, ಹೊಸದು ಮಿನುಗುತ್ತಿತ್ತು. ಇದು ನಿಮ್ಮದೇ ಗಡಿಯಾರ ಎನ್ನಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ನೀವು ನನ್ನತ್ತ ತಿರುಗಿದಿರಿ.

"ಗೀರು ಯಾರು ಬೇಕಾದ್ರೂ ಹಾಕಬಹುದು, ಅಂಕಲ್."

ಅಷ್ಟೇ ಹೇಳಿದ್ದು. ಎಲ್ ಸೆಗುಂಡೋದ ಕಂಪನಿಯೊಂದರ ಇಂಜಿನಿಯರ್ ಆದ ನಾನು ಹೇಳಿದ್ದರಿಂದ ಅದು ತೀರ್ಪಾಯಿತು. ಅಂಗಡಿಗೆ ಹೋಗಿ ಗಿರಾಕಿಗಳ ಎದುರಿಗೇ ನೀವು ಅವರನ್ನು ಕಳ್ಳ ಎಂದಿರಿ. ಇಲ್ಲಿಯ ಕನ್ನಡದವರ ಪ್ರತಿ ಊಟದಲ್ಲೂ ಆ ಕಥೆ ಹೇಳಿದಿರಿ. ನಾನು ಅನ್ನ ಕಲಸುತ್ತ ತಲೆಯಾಡಿಸಿದೆ.

ತಿಳಿಯದೆ ತಿಕ್ಕಿದೆ ಎನ್ನಬಹುದಿತ್ತು. ಆದರೆ ನಮ್ಮ ಮನೆತನದಲ್ಲಿ ಮೊದಲ ಪದವಿ ನನ್ನದು. ಪದವಿ ಇದ್ದೂ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದೆ ಎಂದು ಹೇಳಲು — ಅಮ್ಮನ ಕೆಲಸದ ಬಗ್ಗೆ ನನಗೆ ನಾಚಿಕೆಯಿತ್ತು, ಅಂಕಲ್. ಇದನ್ನೂ ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ನಾಲ್ಕು ವರ್ಷವಾಯಿತು. ಅಂಗಡಿ ಇನ್ನೂ ಇದೆ, ಎರಡು ಸಲ ಬಾಗಿಲಿನವರೆಗೂ ಹೋಗಿ ಮರಳಿದ್ದೇನೆ. ಈ ಶನಿವಾರ ನಿಮ್ಮ ಮನೆಗೆ ಬರುತ್ತೇನೆ. ಅಲ್ಲಿಂದ ಆ ಅಂಗಡಿಗೆ ಡ್ರೈವ್ ನಾನೇ ಮಾಡುತ್ತೇನೆ. ನೀವು ಗಡಿಯಾರ ಹಿಡಿದು ಕೂತರೆ ಸಾಕು. ಅಲ್ಲಿ ಮಾತೂ ನಾನೇ ಆಡುತ್ತೇನೆ — ಹುಣಸೆಹಣ್ಣಿನಿಂದಲೇ ಶುರುಮಾಡಿ.