ಹಾಸ್ಟೆಲ್ ಅಡುಗೆಯಾಕೆಯ ಎಟಿಎಂ ಕಾರ್ಡು

ಸಂಡೂರಿನ ಸರ್ಕಾರಿ ಕಚೇರಿಗಳ ಎದುರಿಗೆ ಅರ್ಜಿ ಬರೆಯುತ್ತ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಮೊದಲು ಕೈಯಲ್ಲೇ ಬರೆಯುತ್ತಿದ್ದೆ, ಈಗ ಒಂದು ಕಂಪ್ಯೂಟರು, ಪ್ರಿಂಟರು, ಜೆರಾಕ್ಸ್ ಮಷೀನು. ಎದುರಿಗೆ ಕೂತವರ ಮಾತನ್ನು ಪೂರ್ತಿ ನಂಬಬಾರದು ಅನ್ನುವುದನ್ನು ಈ ಕೆಲಸವೇ ಕಲಿಸಿತು. ಹಿಂದೆ ಒಬ್ಬನ ಕಣ್ಣೀರು ನೋಡಿ, ಅವನ ಅಣ್ಣನ ಮೇಲೆ ದೂರು ಬರೆದುಕೊಟ್ಟಿದ್ದೆ. ದೂರು ಪೂರಾ ಸುಳ್ಳು. ಇದನ್ನು ಬರೆದವನು ಯಾರು ಎಂದು ಪೊಲೀಸರು ನನ್ನನ್ನೇ ಕರೆಸಿ ಅರ್ಧ ದಿನ ಬೆಂಚಿನ ಮೇಲೆ ಕೂಡ್ರಿಸಿದರು. ಅಂದಿನಿಂದ ಯಾರೇ ಬಂದರೂ ಆಧಾರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತೇನೆ, ಕೇಳಿದ್ದನ್ನೇ ಮೂರು ಸಲ ಕೇಳುತ್ತೇನೆ. ನನ್ನ ಹೆಂಡತಿಯ ತವರು ಆಂಧ್ರದ ಗಡಿಯ ಹಳ್ಳಿ. ‘ಅನುಮಾನಂ ಪೆದ್ದ ರೋಗಂ’, ಅನುಮಾನ ದೊಡ್ಡ ರೋಗ ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಾಳೆ. ಈ ರೋಗದಿಂದಲೇ ನಾವು ಕ್ಷೇಮವಾಗಿದ್ದೇವೆ ಎಂದು ನಾನು ಬೀಗುತ್ತಿದ್ದೆ.

ಬಡ್ಡಿಯವರ ಕಿರುಕುಳ ತಡೆಯಲು ಸರ್ಕಾರ ಕಾಯ್ದೆ ತಂದ ದಿನಗಳಲ್ಲಿ ಪಕ್ಕದ ಚಹಾದಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಸಾಲ ಕೊಡುವವರು ನೋಂದಣಿ ಮಾಡಿಸಬೇಕು, ಬಲವಂತದ ವಸೂಲಿ ಮಾಡಿದರೆ ಜೈಲು ಎಂದು ಒಬ್ಬ ಪೇಪರ್ ಓದಿ ಹೇಳಿದ. ಇನ್ನು ಬಡವರು ಬದುಕಿದರು ಎಂದು ಕೆಲವರು ಖುಷಿಪಟ್ಟರು. ಅದಿರಿನ ಲಾರಿಗಳ ಮಾಲೀಕನೊಬ್ಬ ನಕ್ಕ. ಅವರನ್ನೆಲ್ಲ ಹೆದರಿಸಿ ಓಡಿಸಿದರೆ, ಬೆಳಗ್ಗೆ ಎದ್ದು ಐದು ಸಾವಿರ ಬೇಕು ಅಂದವರಿಗೆ ಡಿಸಿ ಸಾಹೇಬರು ಕೊಡುತ್ತಾರೇನು ಎಂದು ಕೇಳಿದ. ನಾನು ಎರಡೂ ಕಡೆಯವರನ್ನು ಬೈದೆ. ಕೊಡುವವರು ಚಾಪೆ ಕೆಳಗೆ ತೂರಿದರೆ ತೊಗೊಳ್ಳುವವರು ರಂಗೋಲಿ ಕೆಳಗೆ ತೂರುತ್ತಾರೆ, ನೋಡುತ್ತಿರಿ, ನಾಳೆಯಿಂದ ಸಾಲ ಮಾಡಿದವರೆಲ್ಲ ದೂರು ಹಿಡಿದು ನನ್ನ ಅಂಗಡಿಗೇ ಬರುತ್ತಾರೆ ಅಂದೆ. ಎಲ್ಲರೂ ನಕ್ಕರು. ನನಗೂ ನನ್ನ ಮಾತು ಭಾರಿ ಚಂದ ಅನ್ನಿಸಿತು.

ಆ ವಾರವೇ, ಒಂದು ಮಂಗಳವಾರ, ಬಂಡ್ರಿಯ ಒಬ್ಬ ಹೆಣ್ಣುಮಗಳು ಬಂದಳು. ವಯಸ್ಸು ನಲವತ್ತರ ಆಸುಪಾಸು. ಇಲ್ಲಿನ ಹಾಸ್ಟೆಲ್ಲೊಂದರಲ್ಲಿ ಗುತ್ತಿಗೆಯ ಮೇಲೆ ಅಡುಗೆ ಮಾಡುತ್ತಾಳೆ. ಪಗಾರ ಎರಡು ತಿಂಗಳಿಗೊಮ್ಮೆ, ಕೆಲವು ಸಲ ಮೂರು ತಿಂಗಳಿಗೊಮ್ಮೆ. ನಡುವಿನ ದಿನ ದೂಡಲು ಒಬ್ಬ ಫೈನಾನ್ಸಿನವನ ಹತ್ತಿರ ಹತ್ತು ಸಾವಿರ ತೊಗೊಂಡಿದ್ದಳು. ಅವನು ಬರೆಸಿಕೊಂಡದ್ದು ಏನೂ ಇಲ್ಲ. ಆಕೆಯ ಎಟಿಎಂ ಕಾರ್ಡನ್ನೂ ಅದರ ಪಿನ್ ನಂಬರನ್ನೂ ಇಟ್ಟುಕೊಂಡಿದ್ದ, ಅಷ್ಟೇ. ಪಗಾರ ಬಿದ್ದ ದಿನ ಅವನೇ ಮಷೀನಿನಿಂದ ತೆಗೆದು, ತನ್ನದನ್ನು ಮುರಿದುಕೊಂಡು ಉಳಿದದ್ದನ್ನು ಆಕೆಯ ಕೈಗಿಡುತ್ತಿದ್ದ. ಒಂದು ವರ್ಷದ ಮೇಲಾಗಿತ್ತು, ಅಸಲು ಹತ್ತು ಸಾವಿರ ಹಾಗೇ ನಿಂತಿತ್ತು. ಹೀಗೆ ಕಾರ್ಡು ಕೊಟ್ಟವರು ಈ ಊರಲ್ಲಿ ಬಹಳ ಜನ. ರಬ್ಬರ್ ಬ್ಯಾಂಡು ಹಾಕಿದ ಕಾರ್ಡುಗಳ ಕಟ್ಟು ಹಿಡಿದು ಅವನು ಎಟಿಎಂ ಒಳಗೆ ನಿಂತರೆ, ಹೊರಗಿದ್ದವರು ತೆಪ್ಪಗೆ ಬೇರೆ ಎಟಿಎಂ ಹುಡುಕಿಕೊಂಡು ಹೋಗುತ್ತಿದ್ದರು.

ಆಕೆಗೆ ಕಾರ್ಡು ವಾಪಸ್ ಬೇಕಿತ್ತು, ಅದೂ ಜಲ್ದಿ. ಎರಡು ತಿಂಗಳ ಪಗಾರ ಗುರುವಾರ ಬೀಳುವುದಿತ್ತು. ಬಂಡ್ರಿಯಲ್ಲಿರುವ ಅಣ್ಣನ ಮನೆಯಿಂದ ಮೊದಲ ಬಸ್ಸು ಹತ್ತಿದರೂ ಹಾಸ್ಟೆಲ್ಲಿನ ನಾಷ್ಟಾಕ್ಕೆ ತಡವಾಗುತ್ತಿತ್ತು. ಇನ್ನೊಮ್ಮೆ ತಡವಾದರೆ ಬರುವುದೇ ಬೇಡ ಎಂದು ಗುತ್ತಿಗೆದಾರ ಹೇಳಿದ್ದ. ಹಾಸ್ಟೆಲ್ಲಿನ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಒಂದು ಖೋಲಿ ಸಿಕ್ಕಿತ್ತು. ಶನಿವಾರದೊಳಗೆ ಅಡ್ವಾನ್ಸ್ ಕೊಟ್ಟರೆ ಖೋಲಿ, ಖೋಲಿ ಇದ್ದರೆ ಕೆಲಸ.

“ನಾ ಅವನ ರೊಕ್ಕ ಪೂರಾ ಮುಳುಗಸ್ತೀನಿ ಅನ್ನಂಗಿಲ್ರಿ ಅಣ್ಣಾರ. ತಿಂಗಳಿಗಿಷ್ಟು ಅಂತ ನನ್ನ ಕೈಯಾರೆ ಕೊಡ್ತೀನಿ. ಕಾರ್ಡು ನನ್ನ ಹತ್ರ ಇರಲಿ” ಅಂದಳು.

ನನಗೆ ನಂಬಿಕೆ ಬರಲಿಲ್ಲ. ಇಷ್ಟು ದಿನ ಸುಮ್ಮನಿದ್ದವಳಿಗೆ ಈಗಲೇ ಯಾಕೆ ನೆನಪಾಯಿತು? ಬೇರೆ ಬಡ್ಡಿಯವನು ಯಾರಾದರೂ ಕಳಿಸಿದನೇನು? ಮೂರು ಸಲ ಕೇಳಿದೆ, ಮೂರು ಸಲವೂ ಅದನ್ನೇ ಹೇಳಿದಳು. ಪಾಠ ಮಾಡಿಸಿ ಕಳಿಸಿದ್ದಾರೆ ಅಂದುಕೊಂಡೆ. ಬ್ಯಾಂಕಿಗೆ ಹೋಗಿ ಕಾರ್ಡು ಬಂದ್ ಮಾಡಿಸು ಎಂದು ಹೇಳಿದ್ದರೆ ಹತ್ತು ನಿಮಿಷದ ಕೆಲಸ. ಗೊತ್ತಿದ್ದೂ ಹೇಳಲಿಲ್ಲ. ಪ್ರಿಂಟರಿನಲ್ಲಿ ಇಂಕ್ ಮುಗಿದಿದೆ, ನಾಳೆ ಬಾ ಅಂದೆ. ನಾಳೆ ನಾಷ್ಟಾ ಮುಗಿಸಿ ಬರ್ತೀನಿ ಅಂದವಳಿಗೆ ಬುಧವಾರ ರಜೆ ಸಿಗಲಿಲ್ಲ.

ಬುಧವಾರ ಬಂದವನು ಆ ಫೈನಾನ್ಸಿನವನು. ನೋಂದಣಿಯ ಅರ್ಜಿ ಟೈಪ್ ಮಾಡಿಸಬೇಕಿತ್ತು ಅವನಿಗೆ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಮಾತಿಗೆ ಮುಂಚೆ ನಗು. ಅವನನ್ನೂ ನಾನು ನಂಬುತ್ತಿರಲಿಲ್ಲ. ಆದರೆ ಎರಡೂ ಕಡೆ ವಿಚಾರಿಸಿದರೆ ಸತ್ಯ ಗೊತ್ತಾಗುತ್ತದೆ ಎಂಬ ದೊಡ್ಡಸ್ತಿಕೆ ನನ್ನದು. ಟೈಪ್ ಮಾಡುತ್ತಲೇ ಕೇಳಿಬಿಟ್ಟೆ, ಹಾಸ್ಟೆಲ್ ಅಡುಗೆಯಾಕೆ ನಿನ್ನ ಹತ್ತಿರ ಎಷ್ಟು ತೊಗೊಂಡಿದ್ದಾಳೆ ಎಂದು.

“ಯಾಕ್ರಿ, ಏನರ ಬರಸಾಕ ಬಂದಿದ್ಲೇನು?” ಅಂದ.

ಇಲ್ಲಪ್ಪ, ಸುಮ್ಮನೆ ಕೇಳಿದೆ ಅಂದೆ. ಆ ‘ಸುಮ್ಮನೆ’ ಅವನಿಗೆ ಸಾಕಾಯಿತು. ಅರ್ಜಿಯನ್ನು ಅರ್ಧಕ್ಕೇ ಬಿಟ್ಟು, ಆಮೇಲೆ ಬರುತ್ತೇನೆ ಎಂದು ಸ್ಕೂಟರ್ ಹತ್ತಿದ. ನಾನು ಮಧ್ಯಾಹ್ನ ಮನೆಗೆ ಹೋಗಿ ಚೆನ್ನಾಗಿ ಉಂಡು ಮಲಗಿದೆ.

ಶುಕ್ರವಾರ ಬೆಳಗ್ಗೆ ಆಕೆ ಬಂದಾಗ ಮೊಬೈಲನ್ನು ನನ್ನ ಮುಂದೆ ಹಿಡಿದಳು. ಗುರುವಾರ ಪಗಾರ ಬಿದ್ದ ಮೆಸೇಜು, ಅದರ ಕೆಳಗೆ ತೆಗೆದ ಮೆಸೇಜು. ಖಾತೆಯಲ್ಲಿ ನೂರಾ ಹನ್ನೆರಡು ರೂಪಾಯಿ ಉಳಿದಿತ್ತು. ಯಾವಾಗಲೂ ಒಂದಿಷ್ಟು ಮುರಿದುಕೊಂಡು ಕೊಡುತ್ತಿದ್ದವನು ಈ ಸಲ ಎಲ್ಲವನ್ನೂ ಬಳಿದುಕೊಂಡಿದ್ದ. ಅಸಲು, ಬಡ್ಡಿ ಎಲ್ಲ ಮುಗಿಯಿತು, ಇನ್ನು ಕಾಯ್ದೆಯವರನ್ನು ಕರಕೊಂಡು ಬಾ ಎಂದು ಹೇಳಿ ಕಾರ್ಡನ್ನೂ ಆಕೆಯ ಕೈಗೇ ಕೊಟ್ಟಿದ್ದ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಕೆಲಸ ಮುಗಿಸಿದ್ದ. ಈಗ ಯಾರು ತಪಾಸಣೆಗೆ ಬಂದರೂ ಅವನ ಹತ್ತಿರ ಆಕೆಯದೊಂದು ಚೂರು ಪ್ಲಾಸ್ಟಿಕ್ಕೂ ಇರಲಿಲ್ಲ.

ಖೋಲಿಯ ಮಾಲಕಿ ಶನಿವಾರ ಸಂಜೆತನಕ ಕಾಯುತ್ತಾಳಂತೆ. ಅಷ್ಟರೊಳಗೆ ಏನಾದರೂ ಆಗುತ್ತದೇನೋ ನೋಡೋಣ, ದೂರು ಬರೆಯಿರಿ ಅಂದಳು. ನನಗೆ ಮುಖ ಎತ್ತಲು ನಾಚಿಕೆಯಾಯಿತು. ಒಂದೂ ಪ್ರಶ್ನೆ ಕೇಳದೆ ಟೈಪ್ ಮಾಡಲು ಕೂತೆ. ಆಧಾರ್ ಕೂಡ ಕೇಳಲಿಲ್ಲ. ಅರ್ಧ ಪುಟ ಆಗಿತ್ತು.

“ಇದನ್ನೂ ಹಾಕ್ರಿ. ನಾ ಇಲ್ಲಿಗಿ ಬಂದಿದ್ದು ಅವಂಗ ಮೊದಲ ಗೊತ್ತಾಗೇತಿ. ನನ್ನ ಜೋಡಿ ಅಡಿಗಿ ಮಾಡಾಕಿಗೆ ಅಷ್ಟ ಹೇಳಿದ್ದೆ. ಆಕೀನ ಹೇಳ್ಯಾಳ. ಆಕಿ ಹೆಸರೂ ಬರೀರಿ.”

ಆ ಹೆಸರು ಹೇಳಿದಳು. ನನ್ನ ಬೆರಳು ನಿಂತವು. ಬರೆದುಬಿಟ್ಟರೆ ನಾನು ಪಾರು. ಯಾವ ಪಾಪವನ್ನೂ ಮಾಡದ ಇನ್ನೊಬ್ಬ ಅಡುಗೆಯಾಕೆಯ ಮನೆಗೆ ಪೊಲೀಸರು ಹೋಗುತ್ತಾರೆ, ಒಂದೇ ಒಲೆಯ ಮುಂದೆ ನಿಲ್ಲುವ ಇಬ್ಬರು ಹೆಂಗಸರು ಜನ್ಮಕ್ಕೆ ಮಾತು ಬಿಡುತ್ತಾರೆ. ಬರೆಯಲಾಗಲಿಲ್ಲ.

“ಆಕಿ ಹೇಳಿಲ್ಲ ಬಿಡು ತಂಗಿ” ಅಂದೆ.

“ನಿಮಗ ಹೆಂಗ ಗೊತ್ತ್ರಿ?”

ಇಷ್ಟು ವರ್ಷ ಬೇರೆಯವರಿಗೆ ನಾನು ಕೇಳಿದ ಪ್ರಶ್ನೆ. ಆಕೆ ನನ್ನ ಮುಖ ನೋಡುತ್ತ ಕೂತಳು. ಒಂದೇ ಸಲ ಕೇಳಿದ್ದಳು, ಎರಡನೆಯ ಸಲ ಕೇಳುವ ಗರಜೇ ಬೀಳಲಿಲ್ಲ. ಪಾಸ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡಳು. ಅರ್ಧ ಪುಟಕ್ಕೆಂದು ಹತ್ತು ರೂಪಾಯಿಯ ಎರಡು ನೋಟು ಟೇಬಲ್ಲಿನ ಮೇಲಿಟ್ಟಳು. ಬೇಡ ಅನ್ನಲೂ ನನಗೆ ಧೈರ್ಯ ಬರಲಿಲ್ಲ.

ರಸ್ತೆಯ ಆಚೆ ಇನ್ನೊಬ್ಬ ಅರ್ಜಿ ಬರೆಯುವವನಿದ್ದಾನೆ. ಆಕೆ ನೇರವಾಗಿ ಅಲ್ಲಿಗೆ ಹೋಗಿ ಬೆಂಚಿನ ಮೇಲೆ ಕೂತಳು. ಬಹಳ ಹೊತ್ತು ಹೇಳಿದಳು, ಅವನು ಟೈಪ್ ಮಾಡಿದ. ನಡುವೆ ಒಮ್ಮೆ ಕೈ ನಿಲ್ಲಿಸಿ ತಲೆಯೆತ್ತಿ ನನ್ನ ಅಂಗಡಿಯ ಕಡೆ ನೋಡಿದ. ಆಮೇಲೆ ಮತ್ತೆ ಬಗ್ಗಿ ಟೈಪ್ ಮಾಡತೊಡಗಿದ.